ಇಂಗ್ಲೆಂಡ್‌ನಿಂದ ಜರ್ಮನಿಗೆ ರೈಲಲ್ಲಿ ಮಾಲು: ರೈಲಿಗೆ 5 ಸ್ಟಾರು, ಏಜೆಂಟಿಗೆ 2

ನಮ್ದು ತುಮಕೂರು ವಸಂತನರಸಾಪುರದಲ್ಲಿ ಸಣ್ಣ ವರ್ಕ್‌ಶಾಪು, ಮಾಲು ಹಡಗಲ್ಲಿ ಇಂಗ್ಲೆಂಡ್‌ಗೆ ಹೋಗುತ್ತೆ, ಈ ಸಲ ಅಲ್ಲಿಂದ ಒಂದು ಕಂಟೇನರ್ ಜರ್ಮನಿ ಪಾರ್ಟಿಗೆ ಹೋಗ್ಬೇಕಿತ್ತು, ಲಾರಿ ಬೇಡ ರೈಲಲ್ಲೇ ಹೋಗ್ಲಿ ಅಂತ ಒಬ್ಬ ಏಜೆಂಟ್ ಹಿಡಿದ್ವಿ, ಹೆಸ್ರು ಬೇಡ ಬಿಡಿ.

ರೈಲಿನ ಬಗ್ಗೆ ಮಾತೇ ಇಲ್ಲ. ಇಂಗ್ಲೆಂಡ್-ಫ್ರಾನ್ಸ್ ಮಧ್ಯೆ ಸಮುದ್ರದಡಿ ಚಾನೆಲ್ ಸುರಂಗ, 1994ರಲ್ಲಿ ಶುರುವಾಗಿದ್ದು, ಸುಮಾರು 50 ಕಿ.ಮೀ. ಉದ್ದ, ಅದರೊಳಗೆ ಹೋದ ಮಾಲಲ್ಲಿ ಒಂದ್ ಪೀಸಿಗೂ ಗೀರು ಬಿದ್ದಿಲ್ಲ.

ಒಂದು ತಿಳ್ಕೊಳಿ, ಹಳಿ ಅಗಲ ಬ್ರಿಟನ್, ಜರ್ಮನಿ ಎರಡೂ ಕಡೆ 1435 ಮಿ.ಮೀ.ನೇ (ನಮ್ಮ ತುಮಕೂರು ಸ್ಟೇಷನ್‌ದು 1676), ಆದ್ರೂ ಬ್ರಿಟನ್‌ನ ಹಳೇ ಲೈನಲ್ಲಿ ಸೇತುವೆ, ಸುರಂಗ ಎಲ್ಲಾ ಇಕ್ಕಟ್ಟು, ಯುರೋಪಿನ ದೊಡ್ಡ ವ್ಯಾಗನ್ ನುಗ್ಗಲ್ಲ, ಅದಕ್ಕೆ ಕಂಟೇನರ್ ಎತ್ತರ, ವ್ಯಾಗನ್ ಯಾವ್ದು ಅಂತ ಮೊದ್ಲೇ ಕೇಳ್ಬೇಕು. ಇದನ್ನ ಏಜೆಂಟ್ ಹೇಳ್ಲಿಲ್ಲ, ನಾನೇ ಹುಡುಕಿ ಓದಿದ್ದು!

ತಲೆನೋವು ಪೇಪರ್ರು. ಬ್ರೆಕ್ಸಿಟ್ (ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಟ್ಟಿದ್ದು) ಆಗಿ 2021ರಿಂದ ಬ್ರಿಟನ್ ಕಡೆ ಎಕ್ಸ್‌ಪೋರ್ಟ್, ಯುರೋಪ್ ಕಡೆ ಇಂಪೋರ್ಟ್ ಕಸ್ಟಮ್ಸ್ ಡಿಕ್ಲರೇಷನ್ ಎರಡೂ ಬೇಕು, ಏಜೆಂಟ್ ಪುಣ್ಯಾತ್ಮ ಅದರಲ್ಲಿ ಮಾಲು ಯಾವ್ದು ಅಂತ ಹೇಳೋ ಕೋಡೇ ತಪ್ಪು ಹಾಕಿ ನಾಲ್ಕು ದಿನ ಕಂಟೇನರ್ ನಿಂತೋಯ್ತು, ಬಾಡಿಗೆ ಮಾತ್ರ ನಮ್ ತಲೆಗೆ. ಫೋನ್ ಮಾಡಿದ್ರೆ "ಸಾರ್ ಚೆಕ್ ಮಾಡ್ತೀನಿ" ಅಷ್ಟೇ. ಮುಂದಿನ ಲೋಡೂ ರೈಲಲ್ಲೇ, ಏಜೆಂಟ್ ಮಾತ್ರ ಬೇರೆ.