ಬೇರಿಯಾಟ್ರಿಕ್ ಸರ್ಜರಿ ಆದಮೇಲೆ: ಪ್ಯಾಂಟೊಪ್ರಜೋಲೋ, ಫ್ಯಾಮೊಟಿಡಿನ್ನೋ?

ತೂಕ ಇಳಿಸುವ ಈ ಸರ್ಜರಿ ಆಗಿ ವರ್ಷ ಕಳೆದರೂ ಬೆಳಿಗ್ಗೆ ಖಾಲಿ ಹೊಟ್ಟೆಯ ಗ್ಯಾಸ್ ಮಾತ್ರೆ ತಪ್ಪಿಲ್ಲವೇ? ಮೊದಲು ಆಗಿದ್ದು ಯಾವ ಸರ್ಜರಿ ನೋಡಿ. ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯನ್ನು ಪುಟ್ಟ ಚೀಲ ಮಾಡಿ ಕರುಳಿಗೆ ಜೋಡಿಸುವುದು) ಆದವರಿಗೆ ಮಾತ್ರೆ ಕೊಡುವುದು ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗದಿರಲಿ ಎಂದು, ಸಾಮಾನ್ಯವಾಗಿ 3ರಿಂದ 6 ತಿಂಗಳು. ಸ್ಲೀವ್ ಕಥೆಯೇ ಬೇರೆ: ಹೊಟ್ಟೆಯ ಬಹುಭಾಗ ಕತ್ತರಿಸಿ ತೆಗೆಯುವುದರಿಂದ ಉಳಿದದ್ದು ಕಿರಿದಾದ ಕೊಳವೆಯಂತಾಗಿ ಒಳಗಿನ ಒತ್ತಡ ಏರುತ್ತದೆ, ಹಿಂದೆಂದೂ ಇಲ್ಲದ ಹುಳಿತೇಗು ಶುರುವಾಗಬಹುದು, ಮಾತ್ರೆ ವರ್ಷಗಟ್ಟಲೆ ಎಳೆಯಬಹುದು.

ಶಕ್ತಿಯಲ್ಲಿ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಗುಂಪೇ ಮೇಲು. ಆಮ್ಲ ಸುರಿಸುವ ಪಂಪನ್ನೇ ಬಂದ್ ಮಾಡುತ್ತವೆ. ಬೈಪಾಸ್ ಹುಣ್ಣಿಗೆ ಒಮೆಪ್ರಜೋಲ್ ಕ್ಯಾಪ್ಸೂಲ್ ಬಿಚ್ಚಿ, ಒಳಗಿನ ಸಾಸಿವೆಯಂಥ ಕಾಳುಗಳನ್ನು ಅಗಿಯದೆ ನುಂಗಿದರೆ ಬೇಗ ಮಾಯುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ಮಾತ್ರ ಪುಡಿ ಮಾಡಬೇಡಿ. ಆದರೆ ಬಿ12, ಕಬ್ಬಿಣ ಮೊದಲೇ ಸರಿಯಾಗಿ ಹೀರದ ಹೊಟ್ಟೆಗೆ ಆಮ್ಲವೂ ಇಲ್ಲವೆಂದರೆ ಗಾಯದ ಮೇಲೆ ಬರೆ. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಬೇಕು. ಕ್ಯಾಲ್ಸಿಯಂ ಮಾತ್ರೆಯಲ್ಲೂ, ಆಮ್ಲವಿಲ್ಲದೆ ಸರಿಯಾಗಿ ಹೀರದ ಕಾರ್ಬೊನೇಟ್ ಬಿಟ್ಟು ಸಿಟ್ರೇಟ್ ಕೇಳಿ.

ಫ್ಯಾಮೊಟಿಡಿನ್ ಸೌಮ್ಯ. ರಾತ್ರಿ ಉರಿಗೆ ಒಳ್ಳೆಯದು, ಆದರೆ ದಿನಾ ನುಂಗಿದರೆ ಕೆಲವೇ ವಾರಗಳಲ್ಲಿ ದೇಹ ಒಗ್ಗಿ ಪರಿಣಾಮ ಕುಗ್ಗುತ್ತದೆ.

ನನ್ನ ಲೆಕ್ಕ ಹೀಗೆ: ಸ್ಲೀವ್ ಆಗಿ ಅಪರೂಪಕ್ಕೆ ಉರಿ ಬರುವವರಿಗೆ ಫ್ಯಾಮೊಟಿಡಿನ್ ಸಾಕು. ಬೈಪಾಸ್ ಆಗಿಯೂ ಸಿಗರೇಟ್ ಬಿಡದವರು, ಮಂಡಿನೋವಿಗೆ ಡೈಕ್ಲೊಫೆನಾಕ್ ನುಂಗುವವರು ಪ್ಯಾಂಟೊಪ್ರಜೋಲ್ ಬಿಡುವ ಮಾತೇ ಆಡಬಾರದು; ಮೊದಲು ಬಿಡಬೇಕಾದ್ದು ಹುಣ್ಣು ತರುವ ಸಿಗರೇಟ್, ಡೈಕ್ಲೊಫೆನಾಕ್ ಎರಡನ್ನೂ. ನಿಲ್ಲಿಸುವುದಾದರೂ ಡಾಕ್ಟರನ್ನು ಕೇಳಿ ಮೆಲ್ಲಗೆ ಇಳಿಸಿ. ಏಕಾಏಕಿ ಬಿಟ್ಟರೆ ಆಮ್ಲ ಕೆಲವು ವಾರ ಮೊದಲಿಗಿಂತ ಜೋರಾಗಿ ಉಕ್ಕಬಹುದು, ಅದನ್ನೇ ಕಾಯಿಲೆ ಮರಳಿತೆಂದು ಮತ್ತೆ ಮಾತ್ರೆ ಹಿಡಿಯುವವರಿದ್ದಾರೆ.