ಸಂತೆ, ತರಕಾರಿ ಬುಟ್ಟಿ, ಆಪ್, ತೋಟ: ರೈತರಿಗೆ ಯಾವುದು ವಾಸಿ?

ಹತ್ತಿರದ ರೈತರು ಬೆಳೆದದ್ದನ್ನೇ ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಕೊಂಡರೆ ಯಾರಿಗೆ ಎಷ್ಟು ಉಪಯೋಗ ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ರೈತರ ಸಂತೆ, ಮುಂಗಡ ದುಡ್ಡು ಕಟ್ಟುವ ತರಕಾರಿ ಬುಟ್ಟಿ, ಆಪ್, ನೇರ ತೋಟ, ಎಲ್ಲವನ್ನೂ ನಾನು ನೋಡಿದ್ದೇನೆ. ಅಳೆಯಲು ನನ್ನ ಹತ್ತಿರ ಇರುವುದು ಒಂದೇ ಪ್ರಶ್ನೆ: ಮಾಲು ಉಳಿದರೆ, ಬೆಳೆ ಕೈಕೊಟ್ಟರೆ, ನಷ್ಟ ಯಾರ ತಲೆ ಮೇಲೆ?

ರುಚಿಯ ವಿಷಯದಲ್ಲಿ ಸಂತೆಯೇ ಮುಂದೆ. ದೂರ ಸಾಗಿಸುವ ಟೊಮೆಟೊವನ್ನು ಸಾಮಾನ್ಯವಾಗಿ ಹಸಿರಿದ್ದಾಗಲೇ ಕೊಯ್ದು, ಆಮೇಲೆ ಎಥಿಲೀನ್ ಅನಿಲ ಕೊಟ್ಟು ಕೆಂಪು ಮಾಡುತ್ತಾರೆ, ಮಧ್ಯೆ ಎಲ್ಲಾದರೂ 12 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಕೆಲವು ದಿನ ಇಟ್ಟರಂತೂ ಇದ್ದ ಪರಿಮಳವೂ ಕುಗ್ಗುತ್ತದೆ. ಸಂತೆಗೆ ಬರುವುದು ಗಿಡದಲ್ಲೇ ಬಣ್ಣ ತಿರುಗಿದ್ದು. ತೊಟ್ಟಿನ ಸುತ್ತ ಸಣ್ಣ ಬಿರುಕು, ಒಂದು ದಪ್ಪ, ಒಂದು ಸಣ್ಣ, ಬೇಗ ಮೆತ್ತಗಾಗುತ್ತದೆ. ಆದರೆ ಹೆಚ್ಚುವಾಗಲೇ ಘಮ್ಮೆನ್ನುತ್ತದೆ.

ರೈತರ ಕಡೆಯಿಂದ ನೋಡಿದರೆ ಸಂತೆ ಅಷ್ಟೇನೂ ಸುಖವಲ್ಲ. ಮಳೆ ಹೊಡೆದರೆ ಜನ ಬರುವುದಿಲ್ಲ, ಸೊಪ್ಪು ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಉಳಿದದ್ದನ್ನು ವಾಪಸ್ ಹೊರಬೇಕು. ತೋಟದಲ್ಲಿ ಒಂದು ದಿನದ ಕೆಲಸವೂ ಹೋಯಿತು. ಅಂಗಡಿ ಎತ್ತುವ ಹೊತ್ತಿಗೆ ಹೋಗಿ ಅರ್ಧ ಬೆಲೆಗೆ ಕೊಡಿ ಅಂತ ಚೌಕಾಸಿಗೆ ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇನ್ನೊಂದು, ಸಂತೆಯಲ್ಲಿ ಕೂತವರೆಲ್ಲ ಬೆಳೆದವರಲ್ಲ. ಸಗಟು ಮಾರುಕಟ್ಟೆಯಿಂದ ತಂದು ಮಾರುವವರೂ ಇರುತ್ತಾರೆ. ‘ಮುಂದಿನ ವಾರ ಏನು ಬರುತ್ತೆ?’ ಅಂತ ಸುಮ್ನೆ ಕೇಳಿ ನೋಡಿ. ಬೆಳೆದವರು ‘ಬೀನ್ಸ್ ಈಗ ಹೂವಲ್ಲಿದೆ, ಇನ್ನೂ ಸ್ವಲ್ಪ ತಡ’ ಅನ್ನುತ್ತಾರೆ. ತಂದು ಮಾರುವವರು ‘ಏನು ಬೇಕು ಹೇಳಿ’ ಅನ್ನುತ್ತಾರೆ.

ನನ್ನ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಬುಟ್ಟಿಯಲ್ಲಿ. ಬಿತ್ತನೆಗೆ ಮೊದಲೇ ನಾವು ಹಣ ಕಟ್ಟುತ್ತೇವೆ, ಸೀಸನ್ ಪೂರ್ತಿ ಬಂದ ಬೆಳೆಯಲ್ಲಿ ಪಾಲು ಪಡೆಯುತ್ತೇವೆ. ಬೀಜ ಗೊಬ್ಬರಕ್ಕೆ ಸಾಲ ಎತ್ತುವ ಹೊತ್ತಿಗೆ ದುಡ್ಡು ರೈತರ ಕೈಯಲ್ಲಿರುತ್ತದೆ. ಹುಳ ಬಿದ್ದರೆ ನಮ್ಮ ಬುಟ್ಟಿಯೂ ಹಗುರ. ಜಪಾನಿನಲ್ಲಿ 1970ರ ದಶಕದಲ್ಲೇ ಊಟ ಮಾಡುವವರು ಮತ್ತು ಬೆಳೆಯುವವರು ನೇರ ಒಪ್ಪಂದ ಮಾಡಿಕೊಳ್ಳುವ ಇಂಥ ಪದ್ಧತಿ ಬೆಳೆದಿತ್ತು. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಎರಡು ತೋಟಗಳು ಶುರುಮಾಡಿದವು.

ಕಷ್ಟ ಇರುವುದು ಅಡುಗೆಮನೆಯಲ್ಲಿ. ಸೊಪ್ಪಿನ ಕಾಲದಲ್ಲಿ ಸೊಪ್ಪು, ಮತ್ತೆ ಸೊಪ್ಪು. ಬುಡದ ಮಣ್ಣು ತೊಳೆದು ಬಿಡಿಸುವುದಕ್ಕೇ ಒಂದು ಸಂಜೆ ಹೋಗುತ್ತದೆ. ಮೂಲಂಗಿ ಬಂದರೆ ಎಲೆಯನ್ನೂ ಪಲ್ಯಕ್ಕೆ ಹಾಕುವ ಮನೆಯಾದರೆ ಬುಟ್ಟಿ ಸರಿಹೋಗುತ್ತದೆ. ಇವತ್ತು ಏನು ಅಡುಗೆ ಅಂತ ಮೊದಲೇ ಬರೆದಿಟ್ಟು ಅದರಂತೆ ಕೊಳ್ಳುವವರಿಗೆ ಇದು ತಲೆನೋವು. ಅಂಥವರು ಪಕ್ಕದ ಮನೆಯವರ ಜೊತೆ ಅರ್ಧರ್ಧ ಮಾಡಿಕೊಳ್ಳಬಹುದು.

ಆಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅನುಕೂಲ, ನಿಜ. ಆದರೆ ‘ಲೋಕಲ್’ ಅಂತ ಅಂಟಿಸಿದ ಚೀಟಿಯಲ್ಲಿ ಎಷ್ಟು ದೂರದ್ದು, ಯಾರು ಬೆಳೆದದ್ದು ಅಂತ ಇರುವುದು ಅಪರೂಪ. ನಾನು ತರಿಸುತ್ತಿದ್ದ ಕಡೆ ಎಲ್ಲ ಒಂದೇ ಗಾತ್ರ, ಒಂದೇ ಹೊಳಪು. ಸೊಟ್ಟಗಿದ್ದದ್ದು ಎಲ್ಲಿ ಹೋಯಿತು? ವಿಂಗಡಿಸಿ ತಿರಸ್ಕರಿಸಿದ್ದಕ್ಕೆ ರೈತರಿಗೆ ಏನಾದರೂ ಸಿಕ್ಕಿತೋ ಇಲ್ಲವೋ? ಕೇಳಿದೆ, ಉತ್ತರ ಬರಲಿಲ್ಲ. ತೋಟದ ಹೆಸರು, ಕೊಯ್ದ ದಿನ ಎರಡೂ ಬರೆಯುವ ಆಪ್ ಸಿಕ್ಕರೆ ಮಾತು ಬೇರೆ.

ನೇರ ತೋಟಕ್ಕೆ ಹೋದರೆ ಪೂರ್ತಿ ಹಣ ಬೆಳೆದವರಿಗೇ. ಹಾಗಂತ ಒಂದು ಚೀಲ ತರಕಾರಿಗೆ ಕಾರು ತೆಗೆದುಕೊಂಡು ಹೋಗಿ ಪರಿಸರ ಉಳಿಸಿದೆ ಅಂದರೆ ನಾನು ಒಪ್ಪುವುದಿಲ್ಲ. ಅಮೆರಿಕದ ಮನೆಗಳ ಆಹಾರದ ಬಗ್ಗೆ 2008ರಲ್ಲಿ ಬಂದ ಅಧ್ಯಯನದ ಪ್ರಕಾರ, ಅದರಿಂದಾಗುವ ಹಸಿರುಮನೆ ಅನಿಲದಲ್ಲಿ ಸಾಗಣೆಯ ಪಾಲು ಶೇ. 11ರಷ್ಟು. ಬೆಳೆದವರಿಂದ ಅಂಗಡಿಯವರೆಗಿನ ಕೊನೆಯ ಸಾಗಣೆ ಶೇ. 4 ಮಾತ್ರ. ಮಿಕ್ಕಿದ್ದರಲ್ಲಿ ಬಹುಪಾಲು ಬೆಳೆಸುವ ಹಂತದಲ್ಲೇ ಆಗುವುದು. ಹಾಗಾಗಿ ತೋಟಕ್ಕೆ ಹೋಗುವುದಾದರೆ ನಾಲ್ಕಾರು ಮನೆಯವರು ಸೇರಿ ಹೋಗಿ, ಸುಗ್ಗಿಯಲ್ಲಿ ಹೋಗಿ, ಬಿರುಕು ಬಿಟ್ಟದ್ದು, ಸೊಟ್ಟಗಿನದು ಇದೆಯಾ ಅಂತ ನೀವೇ ಕೇಳಿ. ಗೊಜ್ಜಿಗೆ, ಉಪ್ಪಿನಕಾಯಿಗೆ ಅದೇ ಸಾಕು ಅಲ್ವಾ.