ಶಿಕಾಗೊದ ಫೀಲ್ಡ್ ಮ್ಯೂಸಿಯಂನಲ್ಲಿ ‘ಸೂ’: ಎಲ್ಲಿ ನಿಲ್ಲಬೇಕು, ಏನನ್ನು ನೋಡಬೇಕು

ಮೊದಲಿಗೇ ಒಂದು ಗೊಂದಲ ಬಗೆಹರಿಸಿಬಿಡೋಣ. ಫೀಲ್ಡ್ ಮ್ಯೂಸಿಯಂ ಒಳಹೊಕ್ಕ ಕೂಡಲೇ ನಡುವಣ ಸ್ಟ್ಯಾನ್ಲಿ ಫೀಲ್ಡ್ ಹಾಲ್‌ನಲ್ಲಿ ಕಣ್ಣಿಗೆ ಬೀಳುವ ಉದ್ದ ಕತ್ತಿನ ದೈತ್ಯ ‘ಸೂ’ ಅಲ್ಲ. ಸೂ ಎಂದರೆ ಟಿ. ರೆಕ್ಸ್, ಅಂದರೆ ಟೈರನೊಸಾರಸ್ ರೆಕ್ಸ್ ಎಂಬ ಮಾಂಸಾಹಾರಿ ಡೈನೊಸಾರ್‌ನ ಅಸ್ಥಿಪಂಜರ. ಹಾಲ್‌ನ ಆ ದೈತ್ಯನ ಹೆಸರು ಮಾಕ್ಸಿಮೊ, ಜಾತಿ ಪಟಗೊಟೈಟನ್, ಸಿಕ್ಕಿದ್ದು ಅರ್ಜೆಂಟೀನಾದಲ್ಲಿ. ಮೂಗಿನಿಂದ ಬಾಲದ ತುದಿಯವರೆಗೆ ಸುಮಾರು 37 ಮೀಟರ್. ಅಲ್ಲಿ ನಿಂತಿರುವುದು ಅಸಲಿ ಮೂಳೆಗಳಲ್ಲ, ಅಚ್ಚು ತೆಗೆದು ಫೈಬರ್‌ಗ್ಲಾಸ್‌ನಲ್ಲಿ ಮಾಡಿದ ಪ್ರತಿ. ಹಾಗಾಗಿಯೇ ಅದರ ಕೆಳಗೆ ಓಡಾಡಬಹುದು, ಕಾಲು ಮುಟ್ಟಬಹುದು. ಇದರ ಜೊತೆ ಫೋಟೊ ತೆಗೆಸಿಕೊಂಡು ‘ಡೈನೊಸಾರ್ ನೋಡಿದ್ದಾಯಿತು’ ಎಂದು ಮಮ್ಮಿಗಳ ವಿಭಾಗಕ್ಕೆ ಹೊರಟುಬಿಡುವವರಿಗೆ ಅಸಲಿ ಟಿ. ರೆಕ್ಸ್ ತಪ್ಪಿಹೋಗುತ್ತದೆ. 2018ರವರೆಗೆ ಸೂ ಇದೇ ಹಾಲ್‌ನಲ್ಲಿತ್ತು. ಹಳೆಯ ಫೋಟೊ ನೋಡಿಕೊಂಡು ಬಂದವರು ಇಲ್ಲೇ ಹುಡುಕಾಡುವುದಕ್ಕೆ ಅದೇ ಕಾರಣ.

ಈಗ ಸೂ ಇರುವುದು ಮೇಲಿನ ಅಂತಸ್ತಿನಲ್ಲಿ, ಗ್ರಿಫಿನ್ ಹಾಲ್ಸ್ ಆಫ್ ಇವಾಲ್ವಿಂಗ್ ಪ್ಲಾನೆಟ್ ಒಳಗಿನ ಪ್ರತ್ಯೇಕ ಕೋಣೆಯಲ್ಲಿ. ಇದು ಕಾಯಂ ಪ್ರದರ್ಶನವಾದ್ದರಿಂದ ಮಾಮೂಲಿ ಪ್ರವೇಶ ಟಿಕೆಟ್ ಸಾಕು. 3ಡಿ ಸಿನಿಮಾ, ವಿಶೇಷ ಪ್ರದರ್ಶನ ಸೇರಿದ ದುಬಾರಿ ಟಿಕೆಟನ್ನು ಸೂಗಾಗಿ ಕೊಳ್ಳಬೇಕಿಲ್ಲ. ಇವಾಲ್ವಿಂಗ್ ಪ್ಲಾನೆಟ್‌ನ ದಾರಿ ಸಾಗುವುದು ಕಾಲಾನುಕ್ರಮದಲ್ಲಿ. ಜೀವದ ಹುಟ್ಟು, ಕೇಂಬ್ರಿಯನ್ ಸಮುದ್ರ, ಕಲ್ಲಿದ್ದಲು ಯುಗದ ಕಾಡು ಎಲ್ಲವನ್ನೂ ದಾಟಿದ ಮೇಲೆ ಡೈನೊಸಾರ್‌ಗಳು. ಪ್ರತಿ ಫಲಕವನ್ನೂ ಓದುತ್ತಾ ಹೋದರೆ ಸೂ ಹತ್ತಿರ ಬರುವಷ್ಟರಲ್ಲಿ ಕಾಲೂ ಕಣ್ಣೂ ದಣಿದಿರುತ್ತವೆ. ಬೆಳಿಗ್ಗೆ 9ಕ್ಕೆ ಬಾಗಿಲು ತೆರೆದಾಗಲೇ ನೇರ ಮೇಲೆ ಹತ್ತಿ, ಮೊದಲ ಕೋಣೆಗಳನ್ನು ನಿಲ್ಲದೆ ದಾಟಿ ಸೂ ಬಳಿ ಹೋಗಿ, ಆಮೇಲೆ ಉಳಿದದ್ದಕ್ಕೆ ವಾಪಸಾಗುವುದು ಲೇಸು. ಶಾಲಾ ಮಕ್ಕಳ ತಂಡಗಳು ಬಂದ ಮೇಲೆ ಗಾಜಿನ ಪೆಟ್ಟಿಗೆಗಳ ಮುಂದೆ ಜಾಗ ಸಿಗುವುದು ಕಷ್ಟ. ಸೂ ಕೋಣೆಯೊಂದಕ್ಕೇ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಹಿನ್ನೆಲೆ ಚುಟುಕಾಗಿ: 1990ರ ಆಗಸ್ಟ್ 12ರಂದು ದಕ್ಷಿಣ ಡಕೋಟಾದ ಫೇತ್ ಊರಿನ ಬಳಿ ಈ ಅಸ್ಥಿಪಂಜರ ಪಳೆಯುಳಿಕೆ ಶೋಧಕಿ ಸೂ ಹೆಂಡ್ರಿಕ್ಸನ್ ಕಣ್ಣಿಗೆ ಬಿತ್ತು, ಅವರ ಹೆಸರೇ ಅದಕ್ಕೂ ಬಂತು. ಮೂಳೆ ಯಾರ ಸ್ವತ್ತು ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 1997ರ ಅಕ್ಟೋಬರ್‌ನಲ್ಲಿ ಸದಬೀಸ್ ಹರಾಜಿನಲ್ಲಿ ಕಮಿಷನ್ ಸೇರಿ ಸುಮಾರು 83.6 ಲಕ್ಷ ಡಾಲರ್‌ಗೆ ಫೀಲ್ಡ್ ಮ್ಯೂಸಿಯಂ ಪಾಲಾಯಿತು. 2000ದ ಮೇ 17ರಂದು ಸಾರ್ವಜನಿಕರ ಮುಂದೆ ನಿಂತಿತು. ಪ್ರಾಣಿ ಹೆಣ್ಣೋ ಗಂಡೋ ಇಂದಿಗೂ ತಿಳಿದಿಲ್ಲ. ಇಂಗ್ಲಿಷಿನವರು ಸರ್ವನಾಮಕ್ಕೆ ತಡಕಾಡುತ್ತಾರೆ. ನಮಗೆ ‘ಅದು’ ಇದೆ, ತಂಟೆಯಿಲ್ಲ.

ಉದ್ದ 12.3 ಮೀಟರ್, ಸೊಂಟದ ಬಳಿ ಎತ್ತರ ಸುಮಾರು 4 ಮೀಟರ್. ಅಂದಾಜು 380 ಮೂಳೆಗಳ ಪೈಕಿ 250 ಸಿಕ್ಕಿವೆ. ಗಾತ್ರದ ಲೆಕ್ಕದಲ್ಲಿ ಅದು ಶೇ. 90ರಷ್ಟಾಗುತ್ತದೆ, ಏಕೆಂದರೆ ಕಾಣೆಯಾದವುಗಳಲ್ಲಿ ಬಹಳಷ್ಟು ಚಿಕ್ಕವು. ‘ಶೇ. 90 ಪೂರ್ಣ’ ಎಂಬ ಮಾತು ಕೇಳಿದಾಗ ಇದು ಮೂಳೆಗಳ ಎಣಿಕೆಯಲ್ಲ ಎಂಬುದು ನೆನಪಿರಲಿ.

ಕೋಣೆ ಬದಲಾದಾಗ ಸೂ ಮೈಕಟ್ಟೂ ಬದಲಾಯಿತು. ಹಳೆಯ ಹಾಲ್‌ನಲ್ಲಿ ನೋಡಿದವರೂ ಮತ್ತೊಮ್ಮೆ ಹೋಗಬೇಕಾದ್ದು ಇದಕ್ಕೇ. ಎಡ ಅಥವಾ ಬಲ ಪಕ್ಕದಲ್ಲಿ, ಎದೆಗೂ ಸೊಂಟಕ್ಕೂ ನಡುವೆ ನಿಂತು ಹೊಟ್ಟೆಯ ಕೆಳಭಾಗ ನೋಡಿ. ಬೆನ್ನುಮೂಳೆಯಿಂದ ಇಳಿದ ದಪ್ಪ ಪಕ್ಕೆಲುಬುಗಳ ಕೆಳಗೆ, ಬುಟ್ಟಿಯ ತಳ ಹೆಣೆದಂತೆ, ತೆಳ್ಳಗಿನ ಇನ್ನೊಂದು ಸಾಲು ಮೂಳೆಗಳಿವೆ. ಇವು ಗ್ಯಾಸ್ಟ್ರೇಲಿಯಾ, ಅಂದರೆ ಹೊಟ್ಟೆಯ ಪಕ್ಕೆಲುಬುಗಳು. ಇವಕ್ಕೆ ಬೆನ್ನುಮೂಳೆಯ ಆಸರೆಯಿಲ್ಲ. ಹೊಟ್ಟೆಯ ಗೋಡೆಯ ಮಾಂಸದಲ್ಲೇ ಹುದುಗಿರುತ್ತಿದ್ದವು, ಪ್ರಾಣಿ ಸತ್ತು ಕೊಳೆತಾಗ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಯಾವುದು ಎಲ್ಲಿ ಕೂರಬೇಕೆಂಬ ಖಚಿತತೆ ಇಲ್ಲದ್ದರಿಂದ 2000ದಲ್ಲಿ ಸೂಗೆ ಜೋಡಿಸಿರಲಿಲ್ಲ. ಬಹಳಷ್ಟು ಮ್ಯೂಸಿಯಂಗಳ ಟಿ. ರೆಕ್ಸ್‌ಗಳು ಇವತ್ತಿಗೂ ಇವಿಲ್ಲದೆಯೇ ನಿಂತಿವೆ. ಅಂಥವು ಸೊಂಟ ಸಣ್ಣಗಾದ ಬೇಟೆನಾಯಿಯಂತೆ ಕಾಣುತ್ತವೆ. ಸೂ ಹಾಗಲ್ಲ, ಪೀಪಾಯಿಯಂಥ ಹೊಟ್ಟೆ. ಸುಮಾರು 9 ಟನ್ ತೂಗುತ್ತಿತ್ತು ಎಂಬ ಅಂದಾಜು ಇಲ್ಲಿ ಕಣ್ಣಿಗೇ ಹೊಳೆಯುತ್ತದೆ.

ಜೊತೆಗೆ ಎದೆಯ ಮುಂಭಾಗದಲ್ಲಿ ಚಾಟರ್‌ಬಿಲ್ಲಿನ ಕವೆಯಂಥ ಮೂಳೆಯೊಂದಿದೆ. ಹಕ್ಕಿಗಳಲ್ಲಿ ಇರುವಂಥದ್ದೇ. ಮೊದಲ ಜೋಡಣೆಯಲ್ಲಿ ಬೇರೊಂದು ಮೂಳೆಯನ್ನು ಇದೆಂದು ತಪ್ಪಾಗಿ ಗುರುತಿಸಿದ್ದರು, ಈಗ ಸರಿಯಾದದ್ದು ಬಂದಿದೆ. ಕಾಲು ಮಡಿಚಿ ಹೊಂಚು ಹಾಕಿದಂತಿದ್ದ ಭಂಗಿಯೂ ನೆಟ್ಟಗಾಗಿ ನಡಿಗೆಗೆ ಹತ್ತಿರವಾಗಿದೆ.

ಅಸಲಿ ಯಾವುದು, ಅಚ್ಚಿನದು ಯಾವುದು ಎಂದು ಪತ್ತೆಹಚ್ಚಲು ಫಲಕ ಓದುವ ಮುಂಚೆ ಉಕ್ಕನ್ನು ನೋಡಿ. ಪಳೆಯುಳಿಕೆ ಎಂದರೆ ಖನಿಜ ತುಂಬಿದ ಕಲ್ಲು. ಭಾರ ಹೆಚ್ಚು, ಗಡಸು, ಆದರೂ ಬಿರುಕು ಬೇಗ. ಅದಕ್ಕೆ ತೂತು ಕೊರೆದು ಸರಳು ತೂರಿಸಿದರೆ ಮಾದರಿ ಹಾಳು. ಆದ್ದರಿಂದ ಸೂ ಮೂಳೆಗಳನ್ನು ಉಂಗುರದ ಹರಳನ್ನು ಕೊಕ್ಕೆಗಳು ಹಿಡಿದಂತೆ ಹೊರಗಿನಿಂದ ಉಕ್ಕಿನ ಹಿಡಿಕೆಗಳಲ್ಲಿ ಕೂರಿಸಿದ್ದಾರೆ. ಅಧ್ಯಯನಕ್ಕೆ ಬೇಕಾದರೆ ಒಂದೊಂದನ್ನೇ ಬಿಚ್ಚಿ ತೆಗೆಯಬಹುದು. ತೊಡೆಮೂಳೆಯ ಹಿಂಬದಿಗೆ ಹೋಗಿ ನೋಡಿದರೆ ಈ ಹಿಡಿಕೆ ಮೂಳೆಯ ಉಬ್ಬುತಗ್ಗನ್ನು ಎಷ್ಟು ನಿಖರವಾಗಿ ಅನುಸರಿಸಿದೆ ಎಂಬುದು ಕಾಣುತ್ತದೆ; ಕಮ್ಮಾರಿಕೆಯ ಲೆಕ್ಕದಲ್ಲೇ ಇದೊಂದು ನೋಡತಕ್ಕ ಕೆಲಸ. ಆಸರೆ ಹೊರಗೆಲ್ಲೂ ಕಾಣದೆ, ಬಣ್ಣ ಒಂದೇ ಸಮ ಇದ್ದು, ಅಂಚಿನಲ್ಲಿ ಅಚ್ಚಿನ ಗೆರೆ ಕಂಡರೆ ಅದು ಪ್ರತಿ ಇರಬಹುದು. ಆದರೆ ನೂರು ವರ್ಷ ಹಳೆಯ ಜೋಡಣೆಗಳಿಗೆ ಈ ಸೂತ್ರ ಹೊಂದುವುದಿಲ್ಲ. ಆಗಿನವರು ಅಸಲಿ ಮೂಳೆಗೇ ಧೈರ್ಯವಾಗಿ ತೂತು ಹೊಡೆಯುತ್ತಿದ್ದರು.

ಆದರೆ ಸೂ ಮೈಮೇಲಿರುವ ತಲೆ ಅಸಲಿಯಲ್ಲ, ಪ್ರತಿ. ಅಸಲಿ ತಲೆಬುರುಡೆ ಅದೇ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿದೆ. ಸುಮಾರು ಒಂದೂವರೆ ಮೀಟರ್ ಉದ್ದ, 270 ಕಿಲೊಗಿಂತ ಸ್ವಲ್ಪ ಹೆಚ್ಚು ಭಾರ. ಅಷ್ಟನ್ನು ಕತ್ತಿನ ತುದಿಗೆ ಸಿಕ್ಕಿಸಿದರೆ ತಡೆಯಲು ಕಂಬವೇ ಬೇಕಾದೀತು. ಈ ಪೆಟ್ಟಿಗೆಯ ಮುಂದೆ ಹತ್ತು ನಿಮಿಷ ನಿಲ್ಲದೆ ಹೋದರೆ ಬಂದದ್ದು ಅರ್ಧ ವ್ಯರ್ಥ. ಲಕ್ಷಾಂತರ ವರ್ಷ ಮೇಲಿನ ಮಣ್ಣಿನ ಒತ್ತಡಕ್ಕೆ ಸಿಕ್ಕಿ ಬುರುಡೆ ಸೊಟ್ಟಗಾಗಿದೆ. ಪ್ರತಿಯಲ್ಲಿ ಆ ಸೊಟ್ಟ ತಿದ್ದಿದ್ದಾರೆ. ಮೊದಲು ಪೆಟ್ಟಿಗೆಯ ಎದುರು ನೇರ ನಿಂತು ಎರಡೂ ಕಣ್ಣಿನ ಕುಳಿ ಹೋಲಿಸಿ, ಆಮೇಲೆ ತಲೆಯೆತ್ತಿ ಪ್ರತಿಯನ್ನು ನೋಡಿ. ಕುಳಿಗಳು ಮುಂದಕ್ಕೆ ತಿರುಗಿರುವುದು ಆಗ ಸ್ಪಷ್ಟವಾಗುತ್ತದೆ. ಎರಡೂ ಕಣ್ಣಿನಿಂದ ಒಟ್ಟಿಗೆ ನೋಡಿ ದೂರ ಅಳೆಯಬಲ್ಲ ಪ್ರಾಣಿ ಇದು. ಹಲ್ಲುಗಳಲ್ಲಿ ಉದ್ದಗಿಡ್ಡ ಇರುವುದು ಜೋಡಿಸಿದವರ ತಪ್ಪಲ್ಲ. ಹಳೆಯದು ಬಿದ್ದಂತೆ ಹೊಸದು ಹುಟ್ಟುತ್ತಲೇ ಇರುತ್ತಿತ್ತು, ಒಂದೊಂದು ಒಂದೊಂದು ಹಂತದಲ್ಲಿದೆ. ಮೂತಿಯ ತುದಿಯಲ್ಲಿರುವ ಮೇಲಿನ ಹಲ್ಲುಗಳು ಚಿಕ್ಕವು, ಒತ್ತೊತ್ತಾಗಿವೆ, ಮಾಂಸ ಕೆರೆಯಲು ಅನುಕೂಲ. ಪಕ್ಕದವು ಮೂಳೆ ಮುರಿಯುವಷ್ಟು ದಪ್ಪ. ಅಂದಹಾಗೆ, ಈ ಬುರುಡೆ ಆಸ್ಪತ್ರೆಯ ಸಿಟಿ ಸ್ಕ್ಯಾನರ್‌ನೊಳಗೆ ಹಿಡಿಸದೆ, ವಿಮಾನದ ಬಿಡಿಭಾಗ ಪರೀಕ್ಷಿಸುವ ಬೋಯಿಂಗ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಬೇಕಾಯಿತು.

ಕೆಳದವಡೆಯ ಹಿಂಭಾಗದಲ್ಲಿ ನಯವಾದ ಅಂಚಿನ ದುಂಡು ತೂತುಗಳಿವೆ. ಇನ್ನೊಂದು ಟಿ. ರೆಕ್ಸ್ ಕಚ್ಚಿದ ಗುರುತೆಂದು ಮೊದಲು ಹೇಳುತ್ತಿದ್ದರು. ಇಂದಿನ ಹಕ್ಕಿಗಳ ಬಾಯಿಗೆ ತಗಲುವ ಪರೋಪಜೀವಿ ಸೋಂಕಿನಂಥದ್ದು ಎಂಬ ವಾದ 2009ರಲ್ಲಿ ಬಂತು. ಚರ್ಚೆ ಮುಗಿದಿಲ್ಲ. ಎಡಗಾಲಿನ ಮೊಣಕಾಲ ಕೆಳಗಿರುವ ಎರಡು ಮೂಳೆಗಳಲ್ಲಿ ಸಣ್ಣದನ್ನು ಬಲಗಾಲಿನದರ ಜೊತೆ ಹೋಲಿಸಿ: ಎಡದ್ದು ಹೆಚ್ಚುಕಡಿಮೆ ಇಮ್ಮಡಿ ದಪ್ಪ, ಮೇಲ್ಮೈ ಗಂಟುಗಂಟು. ಮುರಿದು ಕೂಡಿದ್ದಲ್ಲ, ಮೂಳೆಗೆ ಹತ್ತಿದ ಸೋಂಕು. ಬಲಪಕ್ಕದಲ್ಲಿ ಮುರಿದು ವಾಸಿಯಾದ ಪಕ್ಕೆಲುಬುಗಳಿವೆ, ಕೂಡಿದ ಜಾಗದಲ್ಲಿ ಊತ ಕಾಣುತ್ತದೆ. ಇಷ್ಟೆಲ್ಲ ಆದ ಮೇಲೂ ಅದು ಬದುಕಿತ್ತು. ಮೂಳೆಯ ಬೆಳವಣಿಗೆ ಉಂಗುರಗಳ ಮೊದಲ ಎಣಿಕೆಯಲ್ಲಿ ಸತ್ತಾಗಿನ ವಯಸ್ಸು ಸುಮಾರು 28 ಎಂದು ಬಂತು.

ಇನ್ನು ತಕರಾರು. ಆಗಾಗ ಕೋಣೆಯ ಬೆಳಕು ಮಂಕಾಗಿ, ನಿರೂಪಣೆಯ ಜೊತೆ ಒಂದೊಂದೇ ಮೂಳೆಯ ಮೇಲೆ ಬೆಳಕು ಬೀಳುವ ಪ್ರದರ್ಶನ ನಡೆಯುತ್ತದೆ. ಮೊದಲ ಸಲ ಬಂದವರಿಗೆ ಇದು ಒಳ್ಳೆಯ ಪಾಠವೇ, ಗಾಯಗಳನ್ನು ಬೆರಳಿಟ್ಟು ತೋರಿಸಿದಂತಾಗುತ್ತದೆ. ಆದರೆ ಮೂಳೆಯ ಮೇಲ್ಮೈ ಓದಲು ಸಮನಾದ ಬೆಳಕು ಬೇಕು, ಅದಕ್ಕೆ ಪ್ರದರ್ಶನ ಮುಗಿಯುವವರೆಗೆ ಕಾಯಬೇಕು. ಹಿಂದಿನ ಪರದೆಗಳಲ್ಲಿ ಆಡುವ ಕಾಡಿನ ಚಿತ್ರಗಳೂ ಹಾಗೆಯೇ: ಮಕ್ಕಳ ಕಣ್ಣು ಅಲ್ಲಿಗೇ ಅಂಟುತ್ತದೆ, ಮೂಳೆ ಹಿಂದುಳಿಯುತ್ತದೆ. ಹಳೆಯ ಹಾಲ್‌ನ ವಿಶಾಲತೆಯೂ ಇಲ್ಲಿಲ್ಲ. ಅಲ್ಲಿ ಸೂ ಚಿಕ್ಕದಾಗಿ ಕಾಣುತ್ತಿತ್ತು ಎಂಬುದೂ ನಿಜ.

ಫೋಟೊ ತೆಗೆಯುವವರಿಗೆ: ಮೂತಿಯ ಎದುರು ನಿಂತು ಮೊಬೈಲಿನ ಅಗಲ ಲೆನ್ಸ್ ಬಳಸಿದರೆ ತಲೆ ಬೃಹತ್ತಾಗಿ, ಸೊಂಟ ಗುಬ್ಬಿಯಷ್ಟಾಗಿ ಬರುತ್ತದೆ. ಪಕ್ಕದ ಗೋಡೆಗೆ ಆದಷ್ಟು ಒತ್ತಿ ನಿಂತು, ಸೊಂಟದ ನೇರಕ್ಕೆ, ಮಾಮೂಲಿ ಲೆನ್ಸ್‌ನಲ್ಲಿ ಎರಡು ಮೂರು ಚಿತ್ರ ತೆಗೆದು ಜೋಡಿಸಿಕೊಳ್ಳಿ. ಬುರುಡೆಯ ಪೆಟ್ಟಿಗೆಗೆ ಫ್ಲ್ಯಾಶ್ ಬೇಡ, ಗಾಜಿನಲ್ಲಿ ಬಿಳಿ ಚುಕ್ಕೆ ಬಿಟ್ಟು ಬೇರೇನೂ ಬರುವುದಿಲ್ಲ. ಲೆನ್ಸನ್ನು ಗಾಜಿಗೆ ತಾಗಿಸಿ, ಸುತ್ತ ಕೈ ಅಡ್ಡ ಹಿಡಿದರೆ ಪ್ರತಿಬಿಂಬ ಹೋಗುತ್ತದೆ. ಚಿಕ್ಕ ಬೈನಾಕ್ಯುಲರ್ ಇದ್ದರೆ ಕತ್ತಿನ ಕಶೇರುಗಳೂ ಹಿಡಿಕೆಗಳೂ ಚೆನ್ನಾಗಿ ಸಿಗುತ್ತವೆ.

ಸೂ ಕೋಣೆಯ ಹೊರಗಿನ ಡೈನೊಸಾರ್ ಹಾಲ್‌ನಲ್ಲಿ ಟಿ. ರೆಕ್ಸ್‌ನ ಹಳೆಯ ನೆಂಟ ಡ್ಯಾಸ್‌ಪ್ಲೆಟೊಸಾರಸ್ ಮತ್ತು ಉದ್ದ ಕತ್ತಿನ ಸಸ್ಯಾಹಾರಿ ಅಪಟೊಸಾರಸ್ ಒಂದು ಇವೆ. ಅಪಟೊಸಾರಸ್‌ನ ಹಿಂಭಾಗ 1901ರಲ್ಲಿ ಕೊಲೊರಾಡೊದಲ್ಲಿ ಪಳೆಯುಳಿಕೆ ತಜ್ಞ ಎಲ್ಮರ್ ರಿಗ್ಸ್ ತಂಡ ಅಗೆದದ್ದು, ಮುಂಭಾಗ ಬೇರೊಂದು ಪ್ರಾಣಿಯದು. ಬ್ರಾಂಟೊಸಾರಸ್ ಎಂದು ಕರೆಯುತ್ತಿದ್ದ ಡೈನೊಸಾರ್ ಕೂಡ ಅಪಟೊಸಾರಸ್ಸೇ ಎಂದು 1903ರಲ್ಲಿ ವಾದಿಸಿದವರೂ ಇದೇ ರಿಗ್ಸ್. 2015ರ ಒಂದು ಅಧ್ಯಯನ ಮತ್ತೆ ಎರಡನ್ನೂ ಬೇರೆ ಮಾಡಿತು.

ವಾಪಸಾಗುವಾಗ ನೇರ ಕೆಳಗಿಳಿಯದೆ ಮೇಲಂತಸ್ತಿನ ಮೊಗಸಾಲೆಯ ಕಟಾಂಜನದ ಬಳಿ ಒಂದು ಸುತ್ತು ಹಾಕಿ. ಕೆಳಗಿನಿಂದ ಬರೀ ಗದ್ದವಷ್ಟೇ ಕಾಣುತ್ತಿದ್ದ ಮಾಕ್ಸಿಮೊದ ತಲೆ ಇಲ್ಲಿ ಕಣ್ಣಿನ ಮಟ್ಟಕ್ಕೇ ಸಿಗುತ್ತದೆ.